ಬೀರುವಿನೊಳಗಿನ ಮಡಕೆ

ನೀವು ಯಾರಾದರೂ ನೀರಲ್ಲಿ ನೆನೆಸಿದ ಮಡಕೆಯನ್ನು ಬಟ್ಟೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಾ? ನಮ್ಮಕ್ಕ ಹಾಕಿದ್ದಾಳೆ.

ಕಳೆದ ಭಾನುವಾರ ರಾಜಾಜಿನಗರದ ಅವಳ ಮನೆಗೆ ಹೋದರೆ ಮಗಳು ಗಿರಿಜೆ ಹಾಸಿಗೆ ಹಿಡಿದಿದ್ದಳು. ಹತ್ತೊಂಬತ್ತರ ಹುಡುಗಿ. ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರೂ ಎರಡು ವಾರದಿಂದ ಸಕ್ಕರೆ ಇಳಿದಿಲ್ಲ. ಡಾಕ್ಟರು ಬಂದು, "ಔಷಧಿ ಸೆಕೆಗೆ ಕೆಟ್ಟಿರ್ಬೇಕು. ಎಲ್ಲಿಡ್ತಾ ಇದೀರಾ?" ಎಂದು ಕೇಳಿ, ಹೊಸ ಸೀಸೆ ಕೊಟ್ಟು ಹೋಗಿದ್ದರು.

ಅಕ್ಕನ ಮನೆಯಲ್ಲಿ ಫ್ರಿಜ್ ಇಲ್ಲ. (ನಮ್ಮಂಥವರ ಸಂಬಳಕ್ಕೆ ಅದೆಲ್ಲಿ ಬರಬೇಕು?) ಅದಕ್ಕೇ ಡಾಕ್ಟರು ಮೊದಲೇ ಉಪಾಯ ಹೇಳಿಕೊಟ್ಟಿದ್ದರು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಮರಳಿನ ನಡುವೆ ಕುಡಿಕೆ, ಕುಡಿಕೆಯೊಳಗೆ ಸೀಸೆ. ಅಕ್ಕ ಚಾಚೂ ತಪ್ಪದೆ ಮಾಡಿದ್ದಳು. ಮಾಡಿ, ಬೀರುವಿನೊಳಗೆ ಇಟ್ಟಿದ್ದಳು!

ತೆಗೆಸಿ ನೋಡಿದೆ. ಸೀರೆಗಳಿಗೆಲ್ಲ ಮುಗ್ಗಲು ವಾಸನೆ. ಮರಳು ಒದ್ದೆಯಾಗಿಯೇ ಇತ್ತು, ಮಡಕೆ ಬೆಚ್ಚಗಿತ್ತು.

"ಗಾಳಿ ಆಡ್ದೆ ಇದು ಹೆಂಗಕ್ಕಾ ತಣ್ಣಗಾಗತ್ತೆ?"

"ಕಿಟಕೀಲಿಟ್ರೆ ಪಕ್ಕದ ಮನೆಯವ್ರು ಕೇಳ್ತಾರೆ ಕಣೋ. ವಿಜಯನಗರದ ಗಂಡಿನ ಕಡೆಯವ್ರು ಅವರಿಗೆ ನೆಂಟ್ರು. ಹುಡುಗೀಗೆ ಕಾಯಿಲೆ ಅಂತ ಗೊತ್ತಾದ್ರೆ?"

ನನಗೆ ರೇಗಿತು. ಮಡಕೆಯನ್ನು ಬೀದಿ ಕಡೆಯ ಕಿಟಕಿಯಲ್ಲಿಟ್ಟೆ. ಸಂಜೆ ಮುಟ್ಟಿ ನೋಡಿದರೆ ತಣ್ಣಗಿತ್ತು. ಇದರಲ್ಲಿ ದೊಡ್ಡ ಸೈನ್ಸ್ ಏನೂ ಇಲ್ಲ. ನೀರು ಆವಿಯಾಗುವಾಗ ಮಡಕೆಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಹಾಗೆ ತೇವವಾದ ಗಾಳಿ ಅಲ್ಲೇ ನಿಂತರೆ ಮುಂದಿನ ಆವಿಗೆ ಜಾಗವಿರುವುದಿಲ್ಲ. ಹೈಸ್ಕೂಲು ಪಾಠ. ಅಕ್ಕನೂ ಓದಿದ್ದಾಳೆ, ಪಾಸೂ ಆಗಿದ್ದಾಳೆ.

ಬುಧವಾರ ಮತ್ತೆ ಹೋದೆ. ಮಡಕೆ ಕಿಟಕಿಯಲ್ಲೇ ಇತ್ತು. ಕಿಟಕಿ ಮುಚ್ಚಿತ್ತು. ಮಡಕೆಗೆ ರೇಡಿಯೋಗೆ ಹೊಲಿದಂತೆ ಒಂದು ಕಸೂತಿ ಗವಸು ಬೇರೆ!

"ನೀನ್ ಹೇಳ್ದಂಗೇ ಕಿಟಕೀಲೇ ಇಟ್ಟಿದೀನಲ್ಲೋ" ಎಂದಳು ಅಕ್ಕ. ಇಂಥವರ ಹತ್ತಿರ ಏನು ಮಾತಾಡುವುದು?

ಗಿರಿಜೆ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಗವಸು ಕಿತ್ತು ಹಾಕಿ ಕಿಟಕಿ ತೆರೆದಳು. ಕಾಂಪೌಂಡಿನ ಆಚೆ ಬಟ್ಟೆ ಒಣಗಹಾಕುತ್ತಿದ್ದ ಪಕ್ಕದ ಮನೆಯಾಕೆ, "ಏನಮ್ಮಾ ಅದು ಮಡಕೆ?" ಎಂದರು.

"ನನ್ನ ಔಷಧಿ ಆಂಟಿ. ನಂಗೆ ಸಕ್ಕರೆ ಕಾಯಿಲೆ ಇದೆ."

ಅಕ್ಕ ಅಡುಗೆಮನೆಗೆ ಹೋಗಿ ಅಳುತ್ತಾ ಕೂತಳು. "ಮದ್ವೆ ಹೋಯ್ತು ಕಣೋ, ಇವಳ್ನ ಇನ್ಯಾರ್ ಕಟ್ಕೋತಾರೆ?" ಎಂದಳು. ಪಾಪ ಅನ್ನಿಸಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಮದುವೆಯಾಗಬೇಕಾದರೆ ಮೊದಲು ಹುಡುಗಿ ಬದುಕಿರಬೇಕಲ್ಲವೇ?