ಸಫೆತ್ ಅಂಕಲ್ ಹುಡುಕಿದ ನಡುಕ

ಸಫೆತ್ ಅಂಕಲ್ ಹಲ್ಲಿನಿಂದ ಕೇಳುತ್ತಿದ್ದರು. ಮೊದಲ ಸಲ ನಾನು ಅವರ ಬೇಸ್‌ಮೆಂಟಿಗೆ ಇಳಿದಾಗ ಕಂಡದ್ದು ಇಷ್ಟು: ಬಿಳಿ ಮೀಸೆಯ, ಎಪ್ಪತ್ತು ದಾಟಿದ ಎತ್ತರದ ಮನುಷ್ಯರೊಬ್ಬರು ಮೇಜಿನ ಮೇಲೆ ಬಾಗಿ, ಮರದ ಚಮಚದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದರ ಇನ್ನೊಂದು ತುದಿಯನ್ನು ಬಿಚ್ಚಿಟ್ಟ ಅಕಾರ್ಡಿಯನ್ನಿನ ಮರಕ್ಕೆ ಒತ್ತಿ ಹಿಡಿದಿದ್ದರು. ಕಾಲು ಕೆಳಗೆ ತಿದಿ ಒತ್ತುತ್ತಿತ್ತು, ಕಣ್ಣು ಮುಚ್ಚಿತ್ತು. ತಲೆ ಕೆಟ್ಟವರ ಮನೆಗೆ ಬಂದೆನೇನೋ ಎಂದು ನಾನು ಬಾಗಿಲಲ್ಲೇ ನಿಂತೆ. ಅವರ ಕಿವಿ ಕೈಕೊಡುತ್ತಾ ಬಂದು ಆಗಲೇ ಕೆಲವು ವರ್ಷಗಳಾಗಿದ್ದವಂತೆ. ಮಾತು ಕೇಳಲು ಕಿವಿಯ ಮಷೀನು ಸಾಕು, ಸ್ವರ ಕೇಳಲು ಮೂಳೆಯೇ ಬೇಕು ಎಂದು ಆಮೇಲೆ ಅವರೇ ಹೇಳಿದರು.

ನಾನು ಹೋದದ್ದು ಅಪ್ಪನ ಹಾರ್ಮೋನಿಯಂ ಹೊತ್ತುಕೊಂಡು. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತೇವೆ. ನಮ್ಮೂರು ಗದಗ, ಮನೆಯಲ್ಲಿ ಉರ್ದು, ಅಂಗಳ ದಾಟಿದರೆ ಕನ್ನಡ. ಅಪ್ಪ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ್ ಆಗಿದ್ದವರು, ಅವರಿಗೆ ಕನಸೂ ಕನ್ನಡದಲ್ಲೇ ಬೀಳುತ್ತಿತ್ತು. ಅವರು ತೀರಿಕೊಂಡಾಗ ನನ್ನ ಗ್ರೀನ್ ಕಾರ್ಡ್ ಅರ್ಜಿ ನಡುವಿನಲ್ಲಿತ್ತು. ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಲಾಯರ್ ಹೆದರಿಸಿದ, ನಾನು ಹೆದರಿದೆ. ಹೋಗಿದ್ದರೂ ಹೆಂಗಸರನ್ನು ಕಬರಸ್ತಾನದವರೆಗೆ ಬಿಡುತ್ತಿರಲಿಲ್ಲ, ನಿಜ. ಆದರೆ ಮುಖವನ್ನಾದರೂ ನೋಡುತ್ತಿದ್ದೆ. ಫೋನಿನ ಪರದೆಯಲ್ಲಿ ನನಗೆ ಕಂಡದ್ದು ನನ್ನ ತಮ್ಮನ ಹೆಗಲು ಮತ್ತು ಒಂದಷ್ಟು ಬಿಸಿಲು. ಎರಡು ವರ್ಷದ ಮೇಲೆ ತಮ್ಮ ನ್ಯೂಜೆರ್ಸಿಗೆ ಬರುವಾಗ ಪೇಟಿ ತಂದುಕೊಟ್ಟ. ವಿಮಾನದ ಚಳಿಗೂ ನಮ್ಮ ಅಪಾರ್ಟ್‌ಮೆಂಟಿನ ಹೀಟರಿನ ಒಣಗಾಳಿಗೂ ಸಿಕ್ಕಿ ಅದರ ಮರ ಬಿರುಕು ಬಿಟ್ಟಿತು, ಅರ್ಧದಷ್ಟು ಸ್ವರಗಳು ಸುಮ್ಮನಾದವು.

ರಿಪೇರಿ ಮಾಡುವವರ ಸುಳಿವು ಸಿಕ್ಕಿದ್ದು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ, ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ನನ್ನ ಗೆಳತಿಯ ಜೊತೆ ದೋಸೆ ತಿನ್ನುವಾಗ. ಪಕ್ಕದಲ್ಲಿ ಕೂತಿದ್ದ ಭಜನೆ ಮಂಡಳಿಯ ಅಂಕಲ್ ಒಬ್ಬರು, ನಿಮ್ಮ ಹ್ಯಾರಿಸನ್‌ನಲ್ಲಿ ಬೋಸ್ನಿಯಾದವರೊಬ್ಬರಿದ್ದಾರೆ, ಅಕಾರ್ಡಿಯನ್ ಮಾಡುವವರು, ರೀಡು ಅಂದರೆ ರೀಡೇ ತಾನೇ ಎಂದರು. ನಮ್ಮ ಮನೆಯಿಂದ ಮೂರು ಬೀದಿ ಆಚೆ ಇರುವವರ ವಿಳಾಸ ತಿಳಿಯಲು ನಾನು ಎರಡು ರೈಲು ಬದಲಿಸಿ ಕ್ವೀನ್ಸ್‌ವರೆಗೆ ಹೋಗಬೇಕಾಯಿತು.

ಅವರು ಪೇಟಿಯನ್ನು ಬಿಚ್ಚಿ, ಗಾಳಿಗೆ ಅದುರಿ ಸ್ವರ ಹೊರಡಿಸುವ ಒಂದು ಹಿತ್ತಾಳೆಯ ರೀಡನ್ನು ಬೆಳಕಿಗೆ ಹಿಡಿದು, ತೀಡಿದ ಗುರುತುಗಳನ್ನು ನೋಡಿ ಇದನ್ನು ಕೂರಿಸಿದ್ದು ಯಾರು ಎಂದು ಕೇಳಿದರು. ಅಪ್ಪ ಎಂದೆ. "ಮೈಸ್ತೊರ್" ಎಂದರು. ಕೈಕೆಲಸ ಬಲ್ಲವರಿಗೆ ಅವರ ಭಾಷೆಯಲ್ಲಿ ಹಾಗೆನ್ನುತ್ತಾರೆ. ಅಂದಿನಿಂದ ನನ್ನ ಅಪ್ಪ ಅವರ ಬಾಯಲ್ಲಿ ಮೈಸ್ತೊರ್, ಜಮೀಲಾ ಎಂಬ ನಾನು ಜೆಮಿಲಾ. ಅವರಮ್ಮನ ತಂಗಿಯ ಹೆಸರೂ ಅದೇ ಅಂತೆ. ತಾಮ್ರದ ಪುಟ್ಟ ಪಾತ್ರೆಯಲ್ಲಿ ಕುದಿಸಿದ ಕಾಫಿ ಕೊಟ್ಟರು. ಸಕ್ಕರೆ ತುಂಡನ್ನು ಅದರಲ್ಲಿ ಅದ್ದಿ ಕಚ್ಚಿ, ಆಮೇಲೆ ಗುಟುಕು ಹಾಕಬೇಕು. ನಾನು ಸಕ್ಕರೆಯನ್ನು ಕಪ್ಪಿಗೇ ಹಾಕಿ ಕಲಕಿದ್ದಕ್ಕೆ ಮುಖ ಕಿವುಚಿದರು. ಕೆಲಸ ಯಾವಾಗ ಮುಗಿಯುತ್ತದೆ ಎಂದರೆ "ಪೊಲಾಕೊ" ಎಂದರು. ನಿಧಾನ ಎಂದರ್ಥ. ಎಲ್ಲಕ್ಕೂ ಅವರದು ಅದೇ ಉತ್ತರ.

ಆರು ವಾರಕ್ಕೆ ಪೇಟಿ ಮನೆಗೆ ಬಂತು. ಬಿರುಕು ಮುಚ್ಚಿತ್ತು, ಎಲ್ಲ ಸ್ವರಗಳೂ ಬಾಯಿಬಿಟ್ಟಿದ್ದವು. ನಾನು ಷಡ್ಜ ಹಿಡಿದೆ. ದನಿ ನಡುಗಿತು. ಯಾವ ಸ್ವರ ಒತ್ತಿದರೂ ಅದೇ ನಡುಕ, ನೀರಿನಡಿಯಿಂದ ಬಂದ ಹಾಗೆ. ಅಡುಗೆ ಮನೆಯಿಂದ ನನ್ನ ಗಂಡ ಇಮ್ತಿಯಾಜ್ ಬಂದು ನಿಂತರು. ಅವರು ಹುಬ್ಬಳ್ಳಿಯವರು, ನಮ್ಮಪ್ಪನ ಪೇಟಿಯನ್ನು ಎಷ್ಟೋ ಸಲ ಕೇಳಿದವರು.

"ಇದು ನಿಮ್ಮ ಅಪ್ಪಾರ ದನಿ ಅಲ್ಲ ಬಿಡು," ಎಂದರು. "ಯಾರೋ ಇದರಾಗ ಕುಂತು ಅಳಾಕತ್ತಾರ."

ನನಗೆ ಸಿಟ್ಟು ನೆತ್ತಿಗೇರಿತು. ಪೇಟಿಯಲ್ಲಿ ಪ್ರತಿ ಸ್ವರಕ್ಕೂ ಎರಡು ರೀಡು. ಎರಡೂ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಒಂದೇ ಆಗಿರಬೇಕು. "ರೀಡು ಎರಡಿದ್ರೂ ದನಿ ಒಂದ ಆಗಬೇಕವಾ" ಎಂದು ಅಪ್ಪ ಚಿಕ್ಕಂದಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದರು. ಸಫೆತ್ ಅಂಕಲ್ ಎರಡನೆಯ ರೀಡನ್ನೆಲ್ಲ ಒಂದು ಚೂರು ಏರಿಸಿ ಕೂರಿಸಿದ್ದರು. ಕೋಟು ಕೂಡ ಹಾಕಿಕೊಳ್ಳದೆ ಪೇಟಿ ಹೊತ್ತು ಮೂರು ಬೀದಿ ನಡೆದು ಹೋದೆ. ಅವರ ಮುಖದ ಮುಂದೆ ನಿಂತು, ಮಷೀನು ಇರಲಿ ಬಿಡಲಿ ಕೇಳುವಷ್ಟು ಜೋರಾಗಿ, ನನ್ನಪ್ಪನದು ಅಂತ ಉಳಿದಿದ್ದುದು ಇದೊಂದೇ, ಅದನ್ನೂ ನೀವು ಕೆರೆದು ಹಾಕಿದಿರಿ ಎಂದೆ.

ಅವರು ಬಿಳಿಚಿಕೊಂಡರು. ಅಕಾರ್ಡಿಯನ್ನಿನಲ್ಲಿ ಆ ನಡುಕವೇ ಜೀವವಂತೆ; ಅದಿಲ್ಲದಿದ್ದರೆ ಅವರ ಊರಿನಲ್ಲಿ ವಾದ್ಯವನ್ನು ಯಾರೂ ಮನೆಗೆ ಒಯ್ಯುವುದಿಲ್ಲವಂತೆ. ತಮಗೆ ಗೊತ್ತಿದ್ದದ್ದರಲ್ಲಿ ಅತ್ಯಂತ ಒಳ್ಳೆಯದನ್ನೇ ಅಪ್ಪನ ಪೇಟಿಗೆ ಕೊಟ್ಟಿದ್ದರು.

"ಎರಡು ರೀಡು ಪೂರ್ತಿ ಒಂದೇ ಆದರೆ ಅಲ್ಲಿ ಒಬ್ಬನೇ ಇದ್ದಾನೆ," ಎಂದರು. "ಚೂರು ಬೇರೆಯಾದರೆ ಇಬ್ಬರು. ಇದು ನನ್ನ ಅಣ್ಣನ ನಡುಕ, ಜೆಮಿಲಾ. ನನ್ನದಲ್ಲ."

ಆ ದಿನ ಅವರ ಅಣ್ಣ ಮಿರ್ಸಾದ್‌ನ ಕತೆ ಕೇಳಿದೆ. ಅಣ್ಣತಮ್ಮಂದಿರಿಬ್ಬರೂ ಬೋಸ್ನಿಯಾದ ರೇಡಿಯೋದಲ್ಲಿ ಹೆಸರಾದ ಜೋಡಿ. ಅವರ ನಾಡಿನ ವಿರಹದ ಹಾಡುಗಳನ್ನು ಎರಡು ಅಕಾರ್ಡಿಯನ್‌ಗಳಲ್ಲಿ ಪ್ರಶ್ನೆ ಉತ್ತರದ ಹಾಗೆ ನುಡಿಸುವವರು. ಎರಡೂ ವಾದ್ಯಗಳ ರೀಡು ಕೂರಿಸುತ್ತಿದ್ದವನು ಮಿರ್ಸಾದ್. ನಡುಕ ಎಷ್ಟಿರಬೇಕು ಎಂಬುದಕ್ಕೆ ಅವನ ಕೈಯೇ ಲೆಕ್ಕ. ಯುದ್ಧ ಶುರುವಾದ ವಾರ ಸಫೆತ್ ಧ್ವನಿಮುದ್ರಣಕ್ಕೆಂದು ಬೇರೆ ದೇಶಕ್ಕೆ ಹೋಗಿದ್ದರು. ಮಿರ್ಸಾದ್‌ಗೆ ಜ್ವರ, ಮನೆಯಲ್ಲೇ ಉಳಿದ. ದಾರಿಗಳು ಮುಚ್ಚಿದವು. ಹಳ್ಳಿಗೆ ಬಂದ ಬಂದೂಕಿನವರು ಗಂಡಸರನ್ನು ಬೇರೆ ನಿಲ್ಲಿಸಿ ಕರೆದೊಯ್ದರು. ಮನೆ ಸುಟ್ಟಿತು, ರೇಡಿಯೋದ ಟೇಪುಗಳು ಸುಟ್ಟವು. ನುಡಿಸಲು ಹೋದ ತಮ್ಮ ಮೂರು ದೇಶ ಸುತ್ತಿ ನ್ಯೂಜೆರ್ಸಿಗೆ ಬಂದು ತಲುಪಿದರು. ಅಂದಿನಿಂದ ತಮ್ಮ ಮೇಜಿಗೆ ಬಂದ ಪ್ರತಿ ವಾದ್ಯದಲ್ಲೂ ಅಣ್ಣನ ನಡುಕವನ್ನು ನೆನಪಿನಿಂದ ಹುಡುಕುತ್ತಿದ್ದರು. ಇದೇ ಎಂದು ಒಮ್ಮೆ ಅನ್ನಿಸಿದ್ದು ಮಾರನೆಯ ದಿನ ಅಲ್ಲ ಅನ್ನಿಸುತ್ತಿತ್ತಂತೆ. ಕಿವಿ ಬೇರೆ ಹೋಗುತ್ತಿತ್ತು.

ಪೇಟಿಯನ್ನು ಮೊದಲಿನಂತೆ ಮಾಡಿಕೊಡುತ್ತೇನೆ, ಆದರೆ ಹೇಗಿತ್ತೆಂದು ನೀನು ಹೇಳಬೇಕು ಎಂದರು. ಅದೇನು ಮಹಾ ಎಂದುಕೊಂಡು ಮುಂದಿನ ಶನಿವಾರ ಹೋಗಿ ಕೂತೆ. ಅವರು ರೀಡನ್ನು ತೀಡುವುದು, ನುಡಿಸುವುದು, ನನ್ನ ಮುಖ ನೋಡುವುದು. ಎರಡು ರೀಡುಗಳ ದನಿ ಬೇಗನೆ ಒಂದಾಯಿತು, ನಡುಕ ಹೋಯಿತು. ಆದರೆ ಅಪ್ಪನ ಪೇಟಿಗೆ ಅದರದೇ ಸಣ್ಣಪುಟ್ಟ ತಪ್ಪುಗಳಿದ್ದವು. ಮೇಲಿನ ಒಂದು ಕಪ್ಪು ಸ್ವರ ತುಸು ಇಳಿದಿತ್ತು, ನಿಷಾದಕ್ಕೆ ಒಂದು ಒರಟುತನವಿತ್ತು. ಎಷ್ಟು ಇಳಿದಿತ್ತು? ಯಾವ ಒರಟು? ನನಗೆ ನೆನಪಿರಲಿಲ್ಲ. ಅಪ್ಪನ ದನಿಯೇ ಮರೆತಷ್ಟು ನಾಚಿಕೆಯಾಯಿತು, ಅಳು ಬಂತು. ಅವರು ಇನ್ನೊಂದು ಕಾಫಿ ಇಟ್ಟರು. ಆಮೇಲೆ ಪ್ರತಿ ಶನಿವಾರವೂ ನಾನು ಅಲ್ಲೇ.

ಆ ಚಳಿಗಾಲದಲ್ಲಿ ಕ್ವೀನ್ಸ್‌ನ ಒಂದು ಬೋಸ್ನಿಯನ್ ಮದುವೆಗೆ ನನ್ನನ್ನು ಕರೆದೊಯ್ದರು. ಅವರು ಒಳಗೆ ಕಾಲಿಟ್ಟ ಕೂಡಲೇ ವಯಸ್ಸಾದವರೆಲ್ಲ ಎದ್ದು ನಿಂತರು. ಬೇಸ್‌ಮೆಂಟಿನ ರಿಪೇರಿ ಅಂಕಲ್ ಇಷ್ಟು ದೊಡ್ಡವರೆಂದು ನನಗೆ ಗೊತ್ತೇ ಇರಲಿಲ್ಲ. ಬಹಳ ಕೇಳಿಕೊಂಡ ಮೇಲೆ ಅಕಾರ್ಡಿಯನ್ ತೊಟ್ಟರು. ಒಂದು ಸಾಲು ನುಡಿಸಿ ನಿಲ್ಲಿಸಿದರು. ಮರೆತರೇನೋ ಎಂದು ನನಗೆ ಗಾಬರಿಯಾಯಿತು. ಅಷ್ಟರಲ್ಲಿ ಮುಂದಿನ ಸಾಲು ಬಂತು, ಮತ್ತೆ ಅಷ್ಟೇ ಉದ್ದದ ಮೌನ. ಅಣ್ಣ ನುಡಿಸಬೇಕಾದ ಜಾಗಗಳನ್ನೆಲ್ಲ ಖಾಲಿ ಬಿಟ್ಟು, ತಮ್ಮ ಪಾಲನ್ನಷ್ಟೇ ಅವರು ನುಡಿಸುತ್ತಿದ್ದರು. ಮುದುಕಿಯೊಬ್ಬಳು ಆ ಮೌನದಲ್ಲಿ ಸುಮ್ಮನೆ ತಲೆದೂಗುತ್ತಿದ್ದಳು, ಅವಳಿಗೆ ಅಣ್ಣನ ಪಾಲು ಕೇಳಿಸುತ್ತಿತ್ತು. ಮದುಮಗನ ಗೆಳೆಯರು ಪಾಪ, ಸಹಾಯ ಮಾಡೋಣವೆಂದು ಆ ಜಾಗಕ್ಕೆ ಚಪ್ಪಾಳೆ ತುಂಬಿದರು. ಸಫೆತ್ ಅಂಕಲ್ ನಿಲ್ಲಿಸಿ, ಬೆಲ್ಟು ಕಳಚಿ, ವಾದ್ಯವನ್ನು ಪೆಟ್ಟಿಗೆಗೆ ಇಟ್ಟರು.

ಮಿರ್ಸಾದ್ ಸಿಕ್ಕಿದ್ದ ಎಂಬುದು ನನಗೆ ತಿಳಿದದ್ದು ಅದರ ಮುಂದಿನ ತಿಂಗಳು. ಪೂರ್ತಿ ಅಲ್ಲ. ಅಲ್ಲಿ ಕೊಂದು ಹೂತವರೇ, ಗುರುತು ಸಿಗದಿರಲೆಂದು ಮತ್ತೆ ಅಗೆದು ಬೇರೆ ಬೇರೆ ಗುಂಡಿಗಳಿಗೆ ಹಾಕಿದ್ದರು. ಸಫೆತ್ ಅಂಕಲ್ ಕೊಟ್ಟ ರಕ್ತದೊಡನೆ ತಾಳೆ ನೋಡಿ, ಕೆಲವು ಮೂಳೆಗಳು ಮಿರ್ಸಾದ್‌ನವು ಎಂದು ಕಾಣೆಯಾದವರನ್ನು ಹುಡುಕುವ ಅಲ್ಲಿನ ಕಚೇರಿ ಹೇಳಿತ್ತು. ಮನೆಯವರು ಸಹಿ ಹಾಕಿದರೆ ಬೇಸಿಗೆಯಲ್ಲಿ, ಆ ವರ್ಷ ಗುರುತು ಸಿಕ್ಕ ಎಲ್ಲರ ಜೊತೆ ಮಣ್ಣು ಮಾಡುತ್ತಾರೆ. ಉಳಿದದ್ದು ಸಿಗುವವರೆಗೆ ಕಾಯುತ್ತೇವೆ ಎಂದರೆ ಕಾಯುತ್ತಾರೆ. ಸಹಿ ಹಾಕಲು ಉಳಿದಿದ್ದವರು ಈ ತಮ್ಮ ಒಬ್ಬರೇ. ಸಿಕ್ಕಿದಷ್ಟಕ್ಕೇ ಮಣ್ಣು ಕೊಡಬಹುದು ಎಂದು ಇಮಾಮರು ಹೇಳಿದ್ದರು. ಇಮಾಮರಿಗೆ ಮಿರ್ಸಾದ್ ಗೊತ್ತಿರಲಿಲ್ಲ ಎಂಬುದು ಇವರ ಉತ್ತರ.

"ಮಣ್ಣಿಗೆ ದೇಹ ಅರ್ಧ ಕೊಡುತ್ತೇನೆ," ಎಂದರು. "ದನಿಯಾದರೂ ನನ್ನ ಹತ್ತಿರ ಪೂರ್ತಿ ಇರಬೇಡವೇ? ಎರಡೂ ಅರ್ಧವಾದರೆ ನಾನು ಯಾರನ್ನು ಹೂತಂತಾಯಿತು?"

ಫೋನಿನಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ ಕಚೇರಿಗೆ ನನ್ನ ನಂಬರು ಕೊಟ್ಟಿದ್ದರು. ಆ ವರ್ಷ ಕರೆ ಬಂದಾಗ ಆ ಕಡೆಯವರು ಹೇಳಿದ್ದನ್ನೆಲ್ಲ ನಾನು ಕಾಗದದಲ್ಲಿ ಬರೆದುಕೊಂಡು ಹೋಗಿ ತೋರಿಸಿದೆ. ಕಾಯುತ್ತೇನೆ ಎಂದು ನನ್ನಿಂದ ಕಚೇರಿಗೆ ಬರೆಸಿದರು.

ಮರುವರ್ಷ ಏಪ್ರಿಲ್‌ನಲ್ಲಿ ನಾನು ಕೆಲಸಕ್ಕೆ ಹೋಗಲು ಹ್ಯಾರಿಸನ್ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಮತ್ತೆ ಆ ಕಚೇರಿಯ ಹೆಂಗಸಿನ ಕರೆ. ತೋಳಿನ ಒಂದು ಮೂಳೆ ಸಿಕ್ಕಿದೆ, ಈ ವಾರದೊಳಗೆ ಸಹಿ ಬಂದರೆ ಈ ಬೇಸಿಗೆಗೆ ಆಗುತ್ತದೆ ಎಂದಳು. ಆಮೇಲೆ ದನಿ ತಗ್ಗಿಸಿ, ಆ ಜಾಗವನ್ನು ಪೂರ್ತಿ ಅಗೆದು ಮುಗಿಸಿದ್ದಾರೆ, ಇನ್ನೇನೂ ಸಿಗಲಾರದು ಎಂದಳು. ನಾನು ಎಲ್ಲವನ್ನೂ ಬರೆದುಕೊಂಡೆ. ಆ ಕೊನೆಯ ಮಾತೊಂದನ್ನು ಬರೆಯಲಿಲ್ಲ.

ಯಾಕೆ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಉತ್ತರ ಗೊತ್ತಿದೆ. ಹಿಂದಿನ ಶನಿವಾರವಷ್ಟೇ ಅಪ್ಪನ ನಿಷಾದದ ಹತ್ತಿರಕ್ಕೆ ಬಂದಿದ್ದೆವು. ಅವರು ಬೋಸ್ನಿಯಾಕ್ಕೆ ಹೋಗಿ ಕೂತರೆ, ಬರುವಷ್ಟರಲ್ಲಿ ಕಿವಿ ಇನ್ನಷ್ಟು ಹೋಗಿದ್ದರೆ, ನನ್ನ ಅಪ್ಪನ ಗತಿ? ಸಿಗಲಾರದು ಎಂದರೆ ಸಿಗುವುದಿಲ್ಲ ಎಂದಲ್ಲವಲ್ಲ ಎಂದು ಮನಸ್ಸಿಗೆ ನಾನೇ ಸಬೂಬು ಕೊಟ್ಟುಕೊಂಡೆ.

ಅವರು ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನನಗೆ ದಣಿವಾಗಿದೆ, ಜೆಮಿಲಾ," ಎಂದರು. "ಸಹಿ ಹಾಕಲಾ? ನೀನು ಹೇಳು."

ಮೇಜಿನ ಮೇಲೆ ಅಪ್ಪನ ಪೇಟಿ ಬಾಯಿ ತೆರೆದು ಕೂತಿತ್ತು. ಇನ್ನೊಂದು ವರ್ಷ ನೋಡಿ ಅಂಕಲ್, ಅವರು ಇನ್ನೂ ಹುಡುಕುತ್ತಿರಬಹುದು ಎಂದೆ. ಅವರು ನನ್ನ ಮಾತನ್ನು ನಂಬಿದರು. ಕಾಗದ ಮಡಚಿ ಜೇಬಿಗಿಟ್ಟು, ಪೊಲಾಕೊ ಎಂದು, ನನ್ನ ರೀಡನ್ನು ಕೈಗೆತ್ತಿಕೊಂಡರು.

ಅಕ್ಟೋಬರಿನ ಒಂದು ಶನಿವಾರ ಅವರು ನಿಷಾದ ಒತ್ತಿದಾಗ ನಾನು ಹೌದು, ಇದೇ ಎಂದೆ. ನಿಜವಾಗಿ ಇದೇನಾ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಸಾಕು ಅನ್ನಿಸಿತ್ತು, ಅಷ್ಟೇ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಮೈಸ್ತೊರ್ ಮನೆಗೆ ಹೋದರು, ಇನ್ನು ನನ್ನ ಕೆಲಸ, ಬರುವ ಬೇಸಿಗೆಗೆ ಸಹಿ ಹಾಕಿ ನಾನೇ ಹೋಗುತ್ತೇನೆ ಎಂದರು. ಪೇಟಿಯನ್ನು ನನ್ನ ಕಾರಿನವರೆಗೆ ಅವರೇ ಹೊತ್ತು ತಂದರು. ಅದೇ ಕೊನೆ.

ಜನವರಿಯಲ್ಲಿ ಅವರ ಹೃದಯ ನಿಂತಿತು. ನ್ಯೂಜೆರ್ಸಿಯ ಒಂದು ಕಬರಸ್ತಾನದಲ್ಲಿ, ಹಿಮ ಸರಿಸಿ ಮಣ್ಣು ಮಾಡಿದರು. ಇಲ್ಲಿ ಹೆಂಗಸರನ್ನೂ ಬಿಟ್ಟರು, ನಾನು ದೂರದಲ್ಲಿ ನಿಂತು ನೋಡಿದೆ.

ಏಪ್ರಿಲ್‌ನಲ್ಲಿ ಕಚೇರಿಯ ಕರೆ ಬಂತು. ಸಫೆತ್ ಅವರಿಗೆ ತಿಳಿಸುತ್ತೀರಾ ಎಂದು ಆಕೆ ಶುರು ಮಾಡಿದಳು. ಅವರು ತೀರಿಕೊಂಡರು ಎಂದೆ. ಅವರ ಮನೆಯವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಯಾರೂ ಇಲ್ಲ. ನಾನು ಸಹಿ ಹಾಕಬಹುದೇ ಎಂದೆ. ನೀವು ಅವರಿಗೆ ಏನಾಗಬೇಕು ಎಂದಳು. ಅವರು ನನ್ನ ಅಪ್ಪನ ಪೇಟಿ ರಿಪೇರಿ ಮಾಡಿಕೊಟ್ಟವರು ಎಂದೆ. ಹೇಳುವಾಗಲೇ ಅದು ಎಷ್ಟು ಕಡಿಮೆ ಎಂದು ಗೊತ್ತಾಯಿತು.

"ಹಾಗಾದರೆ ಮಿರ್ಸಾದ್ ನಮ್ಮ ಹತ್ತಿರವೇ ಇರುತ್ತಾರೆ," ಎಂದಳು ಆಕೆ, ಬಹಳ ಮೆತ್ತಗೆ. ನಿಮ್ಮ ನಂಬರನ್ನು ತೆಗೆದುಹಾಕಲೇ ಎಂದು ಕೇಳಿದಳು. ಬೇಡ, ಪ್ರತಿ ವರ್ಷ ಕರೆ ಮಾಡಿ ಎಂದೆ. ಆಗಲಿ ಎಂದು ನನ್ನ ಹೆಸರನ್ನು ಬರೆದುಕೊಂಡಳು. ಸಂಬಂಧ ಏನೆಂದು ಬರೆಯುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಡುತ್ತೇನೆ ಎಂದಳು.