ದೊಡ್ಡವ್ವನ ಪ್ಲಾಸ್ಟಿಕ್ ಡಬ್ಬಿ

ನೆಗೆಣ್ಣಿಯ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ನನಗೆ ವಿಜ್ಞಾನದ ಬೆಂಬಲ ಸಿಕ್ಕಿದ್ದು ಈಚೆಗೆ. ಅದುವರೆಗೆ ಯಾವ ಆಧಾರವೂ ಇಲ್ಲದೆಯೇ ಪಡುತ್ತಿದ್ದೆ.

ನೆಗೆಣ್ಣಿ ಎಂದರೆ ನಮ್ಮ ಭಾವನವರ ಹೆಂಡತಿ, ಗಬ್ಬೂರಿನ ಗಂಗಮ್ಮಕ್ಕ. ನನ್ನ ಮಗಳು ಸವಿತಾ ಹೆರಿಗೆಗೆಂದು ರಾಯಚೂರಿನ ನಮ್ಮ ಮನೆಗೆ ಬಂದಾಗಿನಿಂದ ಈ ಅಕ್ಕ ವಾರವಾರವೂ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ. ಬಸುರಿಗೆ ಬುತ್ತಿ ತರುವುದು ನಮ್ಮ ಕಡೆಯ ಪದ್ಧತಿ, ಬೇಡ ಎನ್ನುವಂತಿಲ್ಲ. ತರಲಿ. ಆದರೆ ಅಷ್ಟು ರುಚಿಯಾಗಿ ಯಾಕೆ ತರಬೇಕು? ನನ್ನ ಪುಂಡಿಪಲ್ಯವನ್ನು ಔಷಧಿಯಂತೆ ನುಂಗುವ ಮಗಳು, ದೊಡ್ಡವ್ವನ ಪುಂಡಿಪಲ್ಯವನ್ನು ಬೆರಳು ಚೀಪುತ್ತ ಉಣ್ಣುತ್ತಾಳೆ. "ಅವ್ವಾ, ನಿನಗ ಯಾಕ ಹಿಂಗ ಬರಂಗಿಲ್ಲ?" ಎಂದು ಬೇರೆ ಕೇಳುತ್ತಾಳೆ. ಹೆತ್ತವಳು ನಾನು, ಹೊಗಳಿಕೆ ಅವಳಿಗೆ!

ಹೀಗಿರುವಾಗ ಪತ್ರಿಕೆಯಲ್ಲಿ ಬಿಸ್ಫೆನಾಲ್-ಎ ಬಗ್ಗೆ ಓದಿದೆ. ಗಾಜಿನಂತೆ ಹೊಳೆಯುವ ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳಲ್ಲಿರುವ ರಾಸಾಯನಿಕ. ಬಿಸಿ ತಗುಲಿದರೆ ಊಟಕ್ಕೆ ಇಳಿಯುತ್ತದೆ. ಮೈಯೊಳಗೆ ಹೋಗಿ ನಮ್ಮದೇ ಹಾರ್ಮೋನಿನ ವೇಷ ಹಾಕಿ, ಅದರ ಜಾಗದಲ್ಲಿ ಕುಳಿತು, ಬೇಡದ ಅಪ್ಪಣೆ ಕೊಡುತ್ತದೆ. ಬಸುರಿಯರು ದೂರವಿರುವುದು ಒಳ್ಳೆಯದಂತೆ. ಓದುತ್ತ ಓದುತ್ತ ನನಗೆ ಆ ರಾಸಾಯನಿಕದ ಮುಖ ಕಾಣಿಸಿತು. ಥೇಟ್ ಗಂಗಮ್ಮಕ್ಕ! ತಾಯಿಯ ಜಾಗದಲ್ಲಿ ಕುಳಿತು ಅಪ್ಪಣೆ ಕೊಡುವವಳು ಇನ್ನಾರು? ಸಾಲದ್ದಕ್ಕೆ ಅವಳ ಬುತ್ತಿ ಬರುವುದೂ ಅಂಥದೇ ಹೊಳೆಯುವ ಡಬ್ಬಿಯಲ್ಲಿ, ಒಲೆಯಿಂದ ಇಳಿಸಿದ ಬಿಸಿಬಿಸಿಯಲ್ಲೇ.

ಮುಂದಿನ ವಾರ ಅವಳು ಬಂದ ಕೂಡಲೇ ಡಬ್ಬಿ ಕಸಿದು, ಪಲ್ಯವನ್ನು ಸ್ಟೀಲ್ ಬೋಗುಣಿಗೆ ಸುರಿದೆ. ಮೈಲಿಗೆ ಕಳೆಯಿತು ಎಂದು ಸಮಾಧಾನವಾಯಿತು. ಆಮೇಲೆ ಹೊಳೆಯಿತು, ಅದು ಗಬ್ಬೂರಿನಿಂದ ಇಲ್ಲಿಯವರೆಗೆ ಬಂದದ್ದು ಪ್ಲಾಸ್ಟಿಕ್ಕಿನಲ್ಲೇ ಅಲ್ಲವೇ? ಪಾತ್ರೆ ಬದಲಿಸಿದ ಮಾತ್ರಕ್ಕೆ ಕಳೆದುಹೋಗಲು ರಾಸಾಯನಿಕವೇನು ಮೈಲಿಗೆಯೇ? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಬುದ್ಧಿ ಇಷ್ಟು.

ಕೂಸಿನ ಬಗ್ಗೆ ನನಗೆ ಹೆದರಿಕೆ ಇದ್ದದ್ದು ನಿಜ. ಅದರ ಜೊತೆ ಒಳಗೊಳಗೇ ಖುಷಿಯೂ ಇತ್ತು. ಗಂಟಲು ಸರಿಮಾಡಿಕೊಂಡು ಅಕ್ಕನಿಗೆ ಬಿಸ್ಫೆನಾಲ್ ಪಾಠವನ್ನು ಪೂರ್ತಿ ಒಪ್ಪಿಸಿದೆ. ಅವಳಿಗೆ ಸಿಟ್ಟು ಬರಬೇಕು, ಬುತ್ತಿ ನಿಲ್ಲಬೇಕು, ಮಗಳು ನನ್ನ ಕೈಯೂಟಕ್ಕೆ ಮರಳಬೇಕು ಎಂಬುದು ನನ್ನ ಆಸೆ.

ಅಕ್ಕನ ಮುಖ ಸಣ್ಣದಾಯಿತು. "ಯವ್ವಾ, ಮೊದಲ ಹೇಳಬಾರದೇನು? ಹೊಟ್ಟ್ಯಾಗ ಕೂಸ್ ಅದ! ಇದನ್ನ ಯಾರೂ ಉಣಬ್ಯಾಡ್ರಿ. ಪುಂಡಿಸೊಪ್ಪು ತರಸು, ಇಲ್ಲೇ ಮಾಡ್ತೀನಿ" ಎಂದವಳೇ ಸೆರಗು ಸಿಕ್ಕಿಸಿ ನನ್ನ ಅಡುಗೆಮನೆ ಹೊಕ್ಕಳು.

ಪಾತ್ರೆ ನನ್ನದು, ಎಣ್ಣೆ ನನ್ನದು, ಉಪ್ಪು ಖಾರ ನನ್ನದು, ಒಲೆಯೂ ನನ್ನದು. ಬದಲಾದದ್ದು ಕೈ ಒಂದೇ. ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಶಾಲೆಯಲ್ಲೂ ಮಾಡಿಸಿಲ್ಲ.

ಸವಿತಾ ಮತ್ತೊಮ್ಮೆ ತಟ್ಟೆ ಒಡ್ಡಿದಳು. ಅದರ ಪಕ್ಕದಲ್ಲಿ ಇನ್ನೊಂದು ತಟ್ಟೆಯೂ ಮುಂದೆ ಬಂತು. ಅದು ನನ್ನದು.