ಖಂಡೆಪೂಜೆಯ ಪಿಸ್ತೂಲು

ನಮ್ಮ ಮಾವ ಯುದ್ಧದಲ್ಲಿ ಯಾವ ವೈರಿಯನ್ನೂ ಕೊಂದು ಪಿಸ್ತೂಲು ತಂದವರಲ್ಲ. ತಂದೆನೆಂದು ಅವರು ಬಾಯಿಬಿಟ್ಟು ಎಂದೂ ಹೇಳಲೂ ಇಲ್ಲ. ಹೇಳಿದವರು ನಮ್ಮತ್ತೆ, ಅವರ ನಂತರ ನಾನು. ಮಾವ ಸುಮ್ಮನೆ ಕೂತು ಕೇಳಿಸಿಕೊಂಡರು. ನಡೆದದ್ದು ಇಷ್ಟೇ.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಆ ಯುದ್ಧ ಯಾರ ಯಾರ ನಡುವೆ ಆಯಿತೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಮಾವ ವೈರಿ ಸಾಹೇಬನನ್ನು ಕೆಡವಿ ಅವನ ಸೊಂಟದಿಂದ ಪಿಸ್ತೂಲು ಕಿತ್ತುಕೊಂಡ ಕಥೆಯನ್ನು ಒಂದು ಮಾತೂ ತಪ್ಪದೆ ಹೇಳುತ್ತಿದ್ದೆ.

ಮಹಾನವಮಿಯ ಖಂಡೆಪೂಜೆಗೆ ಕುಡಗೋಲು, ಕೊಡಲಿ, ಕುಂಟೆಯ ಕುಡ ಎಲ್ಲ ಸಾಲಾಗಿ ಇಟ್ಟು, ನಡುವೆ ಪಿಸ್ತೂಲು ಇಡುತ್ತಿದ್ದೆವು. ಎಣ್ಣೆ, ಅರಿಷಿಣ, ಕುಂಕುಮ. ಪೂಜೆಯಾದ ಆಯುಧಕ್ಕೆ ನೀರು ಮುಟ್ಟಿಸಬಾರದೆಂದು ಅತ್ತೆಯ ಕಟ್ಟಪ್ಪಣೆ. ಕುಡಗೋಲು ಹೊಲಕ್ಕೆ ಹೋಗಿ ತಾನೇ ಸ್ವಚ್ಛವಾಗುತ್ತಿತ್ತು. ಪಿಸ್ತೂಲಿಗೆ ಕೆಲಸವಿರಲಿಲ್ಲ. ವರ್ಷ ವರ್ಷದ ಕುಂಕುಮ ಪದರ ಪದರವಾಗಿ ಮೆತ್ತಿಕೊಂಡು ನಳಿಗೆಯ ಬಾಯಿಯೇ ಮುಚ್ಚಿಹೋಗಿತ್ತು.

ನಾನು ಮದುವೆಯಾಗಿ ಬಂದ ಎರಡನೇ ವರ್ಷ. ಮಾವನ ಜೊತೆ ಅದೇ ಯುದ್ಧಕ್ಕೆ ಅಡಿಗೆಯವರಾಗಿ ಹೋಗಿದ್ದ ಕಾಕಾ ಒಬ್ಬರು ನಮ್ಮ ಓಣಿಯಲ್ಲೇ ಇದ್ದರು. ಬನ್ನಿ ಕೊಡಲು ಬಂದವರು ಕಟ್ಟೆಯ ಮೇಲೆ ಕೂತು, ಯಾರೋ ಕಥೆ ತೆಗೆದಾಗ ಮೆಲ್ಲಗೆ ಅಂದರು:

“ಅದು ಬೆಳಕ ಹಾರಸೋ ಪಿಸ್ತೂಲು. ನಮ್ಮ ಕಡೀದ. ನಾ ಅಲ್ಲೇ ನೋಡೇನಿ.”

ನಾನು ಬಾಗಿಲ ಮರೆಯಿಂದಲೇ ಕೇಳಿದೆ: “ಹಿಟ್ಟ ನಾದಾಕ ಹೋದವ್ರು ಪಿಸ್ತೂಲ ಯಾವಾಗ ನೋಡಿದ್ರಿ, ಕಾಕಾ?”

ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕಾಕಾ ನನ್ನ ಕಡೆ ನೋಡಲಿಲ್ಲ, ಮಾವನ ಕಡೆ ನೋಡಿದರು. ಮಾವ ಬನ್ನಿ ಎಲೆ ಬಿಡಿಸುತ್ತ ಕೂತಿದ್ದರು. ಕಾಕಾನ ಹತ್ತು ವರ್ಷದ ಮಗಳು ಅಪ್ಪನ ಧೋತರದ ಚುಂಗು ಹಿಡಿದು ನಿಂತಿದ್ದಳು. ಅಂದಿನಿಂದ ಆ ಮನುಷ್ಯನಿಗೆ ಊರೆಲ್ಲ ‘ಹಿಟ್ಟಿನ ಸಿಪಾಯಿ’ ಅಂತ ಹೆಸರಾಯಿತು. ಸಾಯುವವರೆಗೆ ಅದೇ ಹೆಸರು. ನಮ್ಮ ಮನೆಗೆ ಮತ್ತೆ ಬನ್ನಿ ಕೊಡಲು ಬರಲಿಲ್ಲ. ಸುಳ್ಳುಗಾರನಿಗೆ ನಾಚಿಕೆಯಾಗಿದೆ ಎಂದು ನಾನು ತಿಳಿದೆ.

ಮಾವ, ಅತ್ತೆ ತೀರಿ ಎಷ್ಟೋ ವರ್ಷವಾಗಿದ್ದವು. ಈ ಸಲ ಚುನಾವಣೆಯ ಮುಂದೆ, ಆಯುಧ ಇದ್ದವರು ಠಾಣೆಗೆ ತಂದು ಒಪ್ಪಿಸಬೇಕೆಂದು ಪೊಲೀಸರು ಹೇಳಿಹೋದರು. ನನ್ನ ಸೊಸೆ ಹೆದರಿದಳು.

“ಅತ್ತಿ, ಲೈಸೆನ್ಸ್ ಇಲ್ಲದ್ದ ಮನ್ಯಾಗ ಇಟಗೊಂಡು ಈ ವಯಸ್ಸಿನ್ಯಾಗ ಜೇಲಿಗೆ ಹೋಗ್ತೀರೇನು?”

“ಹೋದ್ರ ನಿನ್ನ ಸಾರು ಉಣ್ಣೂದರ ತಪ್ಪತೈತಿ,” ಅಂದೆ.

ಆದರೂ ಜೋಳದ ಹಿಟ್ಟಿನ ಚೀಲದಲ್ಲಿ ಪಿಸ್ತೂಲು ಹಾಕಿಕೊಂಡು, ಆಲಮೇಲದಲ್ಲಿ ಬಸ್ಸು ಹತ್ತಿ ಇಬ್ಬರೂ ಸಿಂದಗಿಗೆ ಹೋದೆವು. ಸೊಸೆಯ ಸೋದರಮಾವ ಅಲ್ಲಿದ್ದಾರೆ. ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದು ಈಗ ಪೆನ್ಶನ್ ಮೇಲಿರುವವರು. ಠಾಣೆಗೆ ಕೊಡುವ ಮೊದಲು ಒಳಗೆ ಗುಂಡು ಇದೆಯೋ ನೋಡಬೇಕೆಂದು ಅವರು ಸೀಮೆಎಣ್ಣೆಯಲ್ಲಿ ಹಳೆಯ ಬ್ರಶ್ ಅದ್ದಿ ತಿಕ್ಕತೊಡಗಿದರು. ಕುಂಕುಮ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಕೆಳಗಿನಿಂದ ಹಿತ್ತಾಳೆ ಬಂತು. ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆದು ಒಳಗೆ ಏನೂ ಇಲ್ಲವೆಂದು ನೋಡಿ ನನ್ನ ಕೈಗೆ ಕೊಟ್ಟರು.

“ಹೆಬ್ಬಟ್ಟ ಹಾಕಿ ನೋಡ್ರಿ, ಆಯಿ.”

ಹೆಬ್ಬಟ್ಟು ಸಲೀಸಾಗಿ ಹೋಯಿತು.

“ಇಷ್ಟ ದಪ್ಪ ಗುಂಡು ಇರತೈತೇನ್ರಿ? ಇದು ಬೆಳಕ ಹಾರಸೂದು. ದಾರಿ ತಪ್ಪಿದವ್ರು, ಗಾಯ ಆದವ್ರು ‘ಇಲ್ಲಿ ಅದೀವಿ, ಬರ್ರಿ’ ಅಂತ ಆಕಾಶಕ್ಕ ಹೊಡೀತಿದ್ರು.”

“ವೈರಿದಲ್ಲೇನ?”

“ಇಲ್ಲಿ ಬಾಣದ ಗುರುತು ಐತಿ ನೋಡ್ರಿ. ಆಗಿನ ನಮ್ಮ ಇಂಗ್ಲಿಷ್ ಸರ್ಕಾರದ ಮಾಲಿನ ಗುರುತು. ಉಗ್ರಾಣದಿಂದ ಯಾರಿಗೂ ಹೇಳದ ತಂದಿರಬೇಕು ಹಿರ್ಯಾರು.”

ಅವರೇ ಜೊತೆಗೆ ಬಂದು ಅದನ್ನು ಠಾಣೆಯಲ್ಲಿ ಒಪ್ಪಿಸಿಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಸೊಸೆ ಅಂದಳು: “ಹೋಗ್ಲಿ ಬಿಡ್ರಿ ಅತ್ತಿ. ಪೊಲೀಸ್ರು ಇಸಗೊಂಡ್ರು ಅಂದ್ರ ಮುಗೀತು. ಯಾರಿಗಿ ಗೊತ್ತಾಗತೈತಿ?”

ಅವಳು ಹೇಳಿದ್ದು ಖರೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾವ ಕದ್ದದ್ದು ನನಗೆ ಅಷ್ಟು ಚುಚ್ಚಲಿಲ್ಲ. ಖರೆ ಹೇಳಿದ ಮನುಷ್ಯನ ಬಾಯಿ ಮುಚ್ಚಿಸಿದವಳು ನಾನು. ಮಂದಿ ನಕ್ಕಾಗ ನನಗೆ ಹೆಮ್ಮೆಯಾಗಿತ್ತು. ಅದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ.

ಕಾಕಾನ ಮಗಳ ಮನೆಗೆ ಹೋಗಿ ಒಳಗಿಂದೊಳಗೆ ಹೇಳಿ ಬರಬಹುದಿತ್ತು. ಆದರೆ ನಾನು ಅಂದದ್ದು ನಾಲ್ಕು ಮಂದಿಯ ಎದುರಿಗೆ.

ಮರುದಿನ ಮುಂಜಾನೆ ನಳ ಬರುವ ಹೊತ್ತಿಗೆ ಕೊಡ ಇಲ್ಲದೆ ಹೋದೆ. ಹೆಂಗಸರೆಲ್ಲ ಪಾಳಿ ಹಚ್ಚಿದ್ದರು. ಕಾಕಾನ ಮಗಳೂ ಇದ್ದಳು. ಅವಳಿಗೂ ಈಗ ಮೊಮ್ಮಕ್ಕಳು.

“ನಿಮ್ಮಪ್ಪ ಹೇಳಿದ್ದ ಖರೆ, ತಂಗಿ,” ಅಂದೆ. “ಅದು ಬೆಳಕಿನ ಪಿಸ್ತೂಲ ಇತ್ತು. ಸುಳ್ಳು ನಮ್ಮ ಮನೀದು. ಹಿಟ್ಟಿನ ಸಿಪಾಯಿ ಅಂತ ಹೆಸರ ಹಚ್ಚಿಸಿದಾಕಿ ನಾನ.”

ಅವಳು ತುಂಬಿದ ಕೊಡ ಸರಿಸಿ ಇನ್ನೊಂದು ಇಟ್ಟಳು.

“ಅಪ್ಪ ಮನ್ಯಾಗೂ ಆಮ್ಯಾಲ ಯುದ್ಧದ ಮಾತ ಆಡ್ಲಿಲ್ಲ, ವೈನಿ. ನಾವೂ ಅವನ್ನ ನಂಬಿರ್ಲಿಲ್ಲ.”

ಎರಡನೆಯದೂ ತುಂಬಿತು. ಕೊಡ ಹೊತ್ತು ಹೋದಳು. ತಡವಾಗಿ ಬಂದ ಇಬ್ಬರು ಏನಾಯಿತೆಂದು ಕೇಳಿದರು. ಅವರಿಗೂ ಮೊದಲಿನಿಂದ ಹೇಳಿದೆ.